ತಿರುಗದ ಚೆಂಡು

1987ರ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾದ ಅನಾಹೈಮ್ ಮೈದಾನದಲ್ಲಿ ಬೇಸ್‌ಬಾಲ್ ಆಟ ನಡೆದಿರುವಾಗಲೇ ಅಂಪೈರ್‌ಗಳು ಚೆಂಡೆಸೆಯುವ ಪಿಚರ್ ಜೋ ನೀಕ್ರೊ ಅವರನ್ನು ಸುತ್ತುಗಟ್ಟಿ, ಜೇಬು ಖಾಲಿ ಮಾಡಿ ಎಂದರು. ನೀಕ್ರೊ ಪ್ಯಾಂಟಿನ ಜೇಬುಗಳನ್ನು ಹೊರಗೆಳೆದು, ಏನಿದೆ ನೋಡಿಕೊಳ್ಳಿ ಎಂಬಂತೆ ಎರಡೂ ಕೈ ಮೇಲೆತ್ತಿ ಬೀಸಿದರು. ಆ ರಭಸಕ್ಕೆ ಉಗುರು ತೀಡುವ ಪಟ್ಟಿಯೊಂದು ಗಾಳಿಯಲ್ಲಿ ಹಾರಿ ಹುಲ್ಲಿನ ಮೇಲೆ ಬಿತ್ತು. ಚೆಂಡಿನ ಮೈ ಉಜ್ಜಿ ಒರಟು ಮಾಡಲು ಇಟ್ಟುಕೊಂಡದ್ದು ಎಂಬ ಅನುಮಾನದ ಮೇಲೆ ಅವರಿಗೆ ಅಮಾನತಿನ ಶಿಕ್ಷೆಯಾಯಿತು. ತಮ್ಮ ಉಗುರಿಗಾಗಿ ಇಟ್ಟುಕೊಂಡದ್ದೆಂದು ನೀಕ್ರೊ ವಾದಿಸಿದರು. ಜನ ನಕ್ಕರು. ಆದರೆ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೀಕ್ರೊ ಎಸೆಯುತ್ತಿದ್ದುದು ನಕಲ್‌ಬಾಲ್. ಆ ಕಸುಬಿನವರಿಗೆ ಉಗುರೇ ಹತಾರ.

ನಕಲ್ ಎಂದರೆ ಬೆರಳಿನ ಗೆಣ್ಣು. ಹೆಸರು ಹಾಗಿದ್ದರೂ ಈಗ ಯಾರೂ ಗೆಣ್ಣಿನಿಂದ ಚೆಂಡು ಹಿಡಿಯುವುದಿಲ್ಲ. ತೋರುಬೆರಳು, ನಡುಬೆರಳುಗಳ ಉಗುರನ್ನು ಹೊಲಿಗೆಯ ಅಂಚಿನ ಪಕ್ಕದ ಚರ್ಮಕ್ಕೆ ಊರಿ, ಹೆಬ್ಬೆರಳಿನಿಂದ ಕೆಳಗೆ ಆಸರೆ ಕೊಟ್ಟು, ಮಣಿಕಟ್ಟನ್ನು ಅಲ್ಲಾಡಿಸದೆ, ಚೆಂಡನ್ನು ಮುಂದಕ್ಕೆ ದೂಡಿದ ಹಾಗೆ ಬಿಡಬೇಕು. ಉಗುರು ಉದ್ದವಾಗಿದ್ದರೆ ಮುರಿಯುತ್ತದೆ, ಗಿಡ್ಡವಾಗಿದ್ದರೆ ಊರುವುದಿಲ್ಲ. ಬೆರಳು ಬಿಡುವ ಗಳಿಗೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚೆಂಡು ತಿರುಗಿಬಿಡುತ್ತದೆ. ತಿರುಗಿತೋ, ಕೆಟ್ಟಿತು.

ಇಡೀ ಬೇಸ್‌ಬಾಲ್ ನಿಂತಿರುವುದು ಚೆಂಡನ್ನು ತಿರುಗಿಸುವುದರ ಮೇಲೆ. ಪಿಚರ್‌ನಿಂದ ಬ್ಯಾಟರ್‌ವರೆಗಿನ 18.44 ಮೀಟರ್ ದಾರಿಯಲ್ಲಿ ವೇಗದ ಎಸೆತವೊಂದು ಹದಿನೈದರ ಆಸುಪಾಸು ಸುತ್ತು ಹೊಡೆಯುತ್ತದೆ. ಒಳ್ಳೆಯ ನಕಲ್‌ಬಾಲ್ ಅದೇ ದಾರಿಯಲ್ಲಿ ಒಂದು ಸುತ್ತು ತಿರುಗಿದರೆ ಹೆಚ್ಚು. ಚೆಂಡಿನ ಮೇಲೆ ಕೆಂಪು ದಾರದ 108 ಜೋಡಿ ಹೊಲಿಗೆಗಳಿವೆ, ಜಪಮಾಲೆಯ ಮಣಿಗಳಷ್ಟೇ. ಚೆಂಡು ಸುಮ್ಮನೆ ತೇಲುತ್ತ ಹೋಗುವಾಗ ಈ ಹೊಲಿಗೆ ಒಮ್ಮೆ ಒಂದು ಮಗ್ಗುಲಲ್ಲಿ, ಇನ್ನೊಮ್ಮೆ ಇನ್ನೊಂದು ಮಗ್ಗುಲಲ್ಲಿ ಗಾಳಿಗೆ ಅಡ್ಡ ಬರುತ್ತದೆ. ಗಾಳಿ ಎರಡು ಬದಿಯಲ್ಲಿ ಎರಡು ಥರ ಹರಿದು ಚೆಂಡನ್ನು ಅತ್ತಿತ್ತ ನೂಕುತ್ತದೆ. ಎತ್ತ ಎಂಬುದು ಬ್ಯಾಟರ್‌ಗೆ ತಿಳಿಯದು, ಹಿಡಿಯುವ ಕ್ಯಾಚರ್‌ಗೂ ತಿಳಿಯದು. ಎಸೆದವರಿಗೆ ತಿಳಿದಿದೆಯೇ ಎಂದರೆ, ಅದೂ ಇಲ್ಲ.

ಹೊಟ್ಟೆಪಾಡಿಗೆ ಇಂಥ ಎಸೆತವನ್ನು ನಂಬಿ ಕೂತವರು ಕೈಬೆರಳೆಣಿಕೆಯಷ್ಟು. ಅವರಲ್ಲಿ ಆರ್.ಎ. ಡಿಕಿ ಅವರ ಬದುಕು ಅವರ ಚೆಂಡಿನ ಹಾಗೆಯೇ ಹೋಯಿತು. (ಹೆಸರು ಕನ್ನಡದ ಕಿವಿಗೆ ‘ಡಿಕ್ಕಿ’ ಎಂದು ಕೇಳಿಸಿದರೆ ತಪ್ಪಲ್ಲ. ಡಿಕ್ಕಿಗಳೂ ಮುಂದೆ ಬರುತ್ತವೆ.)

1974ರಲ್ಲಿ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಡಿಕಿ ಮೊದಲಿಗೆ ಎಲ್ಲರಂತೆ ಜೋರಾಗಿ ಎಸೆಯುವ ಹುಡುಗ. 1996ರಲ್ಲಿ ಟೆಕ್ಸಸ್ ರೇಂಜರ್ಸ್ ತಂಡ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡು 8,10,000 ಡಾಲರ್ ಕೊಡಲು ಒಪ್ಪಿತು. ಅದೇ ಬೇಸಿಗೆಯಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಕಂಚು ಬಂತು. ಆ ತಂಡದ ಪಿಚರ್‌ಗಳು ಸಾಲಾಗಿ ನಿಂತ ಫೋಟೊ ಪತ್ರಿಕೆಯೊಂದರ ಮುಖಪುಟದಲ್ಲಿ ಅಚ್ಚಾಯಿತು. ಡಿಕಿಯ ಬಲಗೈ ಮಾತ್ರ ಉಳಿದವರದ್ದಕ್ಕಿಂತ ಬೇರೆ ಥರ ಜೋತಾಡುತ್ತಿರುವುದು ರೇಂಜರ್ಸ್ ತಂಡದ ದೈಹಿಕ ತರಬೇತಿಯವರ ಕಣ್ಣಿಗೆ ಬಿತ್ತು. ಪರೀಕ್ಷೆ ಮಾಡಿಸಿದರೆ, ಮೊಣಕೈಯ ಒಳಬದಿಯಲ್ಲಿ ಇರಲೇಬೇಕಾದ ಅಸ್ಥಿರಜ್ಜು ಇಲ್ಲವೇ ಇಲ್ಲ! ಅದು ಹರಿದರೆ ಪಿಚರ್‌ನ ಬಾಳು ಮುಗಿಯಿತು ಎಂದೇ 1974ರವರೆಗೆ ನಂಬಿದ್ದರು. ಆ ವರ್ಷ ಟಾಮಿ ಜಾನ್ ಎಂಬ ಪಿಚರ್‌ಗೆ ವೈದ್ಯ ಫ್ರಾಂಕ್ ಜೋಬ್ ಮೈಯ ಬೇರೆ ಭಾಗದ ಸ್ನಾಯುರಜ್ಜು ತೆಗೆದು ಕಸಿ ಮಾಡಿದ ಮೇಲೆ ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ಬಿತ್ತು. ಉಳಿದವರು ಹರಿದುಕೊಂಡು ಹೊಲಿಸಿಕೊಳ್ಳುವ ರಜ್ಜು ಡಿಕಿಗೆ ಹರಿಯಲೂ ಇರಲಿಲ್ಲ. ಬಾಗಿಲ ಹಿಡಿಕೆ ತಿರುಗಿಸಲೂ ನೋಯಬೇಕಿತ್ತಲ್ಲ ಎಂದು ವೈದ್ಯರಿಗೇ ಅಚ್ಚರಿ. ರೇಂಜರ್ಸ್ ತಂಡ ಮಾತು ಬದಲಿಸಿ 75,000 ಡಾಲರ್ ಮುಂದಿಟ್ಟಿತು. ಡಿಕಿ ತೆಗೆದುಕೊಂಡರು.

ಇಲ್ಲಿ ಕನ್ನಡಿಗರಿಗೆ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ನೆನಪಾಗದಿದ್ದರೆ ಆಶ್ಚರ್ಯ. ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಅವರು 242 ಟೆಸ್ಟ್ ವಿಕೆಟ್ ಕಿತ್ತರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಕೆಡವಿದ್ದೂ ಅದೇ ಕೈ. ಅವರ ಗೂಗ್ಲಿ ತಿರುಗುವ ಚೆಂಡು, ನಕಲ್‌ಬಾಲ್ ತಿರುಗದ ಚೆಂಡು. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಅಂದಹಾಗೆ, 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ಎಸೆದ ‘ನಕಲ್ ಬಾಲ್’ ಬೇಸ್‌ಬಾಲ್‌ನಿಂದ ಬಂದ ಹೆಸರೇ. ಆದರೆ ಅಲ್ಲಿ ಅದು ವೇಗ ತಗ್ಗಿಸಿ ಬ್ಯಾಟ್ಸ್‌ಮನ್‌ನನ್ನು ಯಾಮಾರಿಸುವ ಉಪಾಯ, ನಡುವೆ ಒಂದೆರಡು ಸಲಕ್ಕೆ. ನಕಲ್‌ಬಾಲ್ ಪಿಚರ್ ಅದನ್ನೇ ದಿನವಿಡೀ ಎಸೆಯಬೇಕು.

ಡಿಕಿ ಮೇಜರ್ ಲೀಗ್‌ಗೆ ಬಂದದ್ದು 2001ರಲ್ಲಿ. ಹೋದರು, ಬಂದರು, ಮತ್ತೆ ಕೆಳಹಂತದ ಮೈನರ್ ಲೀಗ್‌ಗೆ ಹೋದರು. ವಯಸ್ಸು ಮೂವತ್ತಾಯಿತು, ಚೆಂಡಿನ ವೇಗ ಇಳಿಯಿತು. 2005ರಲ್ಲಿ ರೇಂಜರ್ಸ್‌ನ ಮ್ಯಾನೇಜರ್ ಬಕ್ ಶೋವಾಲ್ಟರ್ ಮತ್ತು ಪಿಚಿಂಗ್ ಕೋಚ್ ಓರೆಲ್ ಹರ್ಷೈಸರ್ ಕೂರಿಸಿಕೊಂಡು ಹೇಳಿದರು: ಇನ್ನು ನಕಲ್‌ಬಾಲ್ ಒಂದೇ ದಾರಿ. ಇಪ್ಪತ್ತು ವರ್ಷ ಮಣಿಕಟ್ಟು ಕಲಿತದ್ದನ್ನೆಲ್ಲ ಮರೆಸಬೇಕು. 2006ರ ಏಪ್ರಿಲ್ 6ರಂದು ಡೆಟ್ರಾಯಿಟ್ ಎದುರು ಹೊಸ ವಿದ್ಯೆಯ ಪರೀಕ್ಷೆ. ಡಿಕಿ ನಾಲ್ಕು ಇನಿಂಗ್ಸ್ ಕೂಡ ಪೂರೈಸಲಿಲ್ಲ, ಅಷ್ಟರಲ್ಲಿ ಆರು ಹೋಮ್ ರನ್! ಒಂದೇ ಪಂದ್ಯದಲ್ಲಿ ಒಬ್ಬ ಪಿಚರ್ ಹೊಡೆಸಿಕೊಂಡ ಆಧುನಿಕ ದಾಖಲೆ ಸರಿಗಟ್ಟಿತು. ತಿರುಗಿದ ನಕಲ್‌ಬಾಲ್ ಎಂದರೆ ತಟ್ಟೆಯಲ್ಲಿಟ್ಟು ಕೊಟ್ಟ ಹೋಳಿಗೆ.

ಮತ್ತೆ ಮೈನರ್ ಲೀಗ್. 2007ರಲ್ಲಿ ಒಮಾಹಾದಲ್ಲಿ ತಂಡ ತಂಗಿದ್ದಾಗ ಮಿಸೌರಿ ನದಿಯನ್ನು ಈಜಿ ದಾಟುತ್ತೇನೆಂದು ಇಳಿದು, ಸೆಳವಿಗೆ ಸಿಕ್ಕಿ, ಸಾಯುವುದೊಂದು ಬಾಕಿ ಎಂಬಂತೆ ದಡ ಸೇರಿದರು. ಇದೇನು ಹುಚ್ಚು ಎಂದು ಕೇಳಬೇಕಾದ್ದೇ. ಆದರೆ ಎಳೆದೊಯ್ಯುವ ಚೆಂಡಿನ ಜೊತೆ ಗುದ್ದಾಡಿ ಸೋತ ಮನುಷ್ಯ ನೀರಿನ ಜೊತೆಗೂ ಗುದ್ದಾಡಲು ಹೋದದ್ದರಲ್ಲಿ ಒಂದು ಕ್ರಮ ಕಾಣುತ್ತದೆ. ಮರುವರ್ಷ ಸಿಯಾಟಲ್ ತಂಡದಲ್ಲಿ ಒಂದೇ ಇನಿಂಗ್ಸ್‌ನಲ್ಲಿ ನಾಲ್ಕು ಅಡ್ಡಾದಿಡ್ಡಿ ಎಸೆತ. ಅದೂ ದಾಖಲೆಯ ಸಮ.

ಈ ವಿದ್ಯೆಯಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ: ಬಲ್ಲವರು ಬಚ್ಚಿಡುವುದಿಲ್ಲ. ಚಾರ್ಲಿ ಹಫ್ ಡಿಕಿಗೆ ಉಗುರು ಊರುವ ಜಾಗ ತಿದ್ದಿಕೊಟ್ಟರು. ಬೋಸ್ಟನ್‌ನ ಟಿಮ್ ವೇಕ್‌ಫೀಲ್ಡ್ ಎದುರಾಳಿ ತಂಡದವರೆಂದೂ ನೋಡದೆ ಹೇಳಿಕೊಟ್ಟರು. ಜೋ ಅವರ ಅಣ್ಣ ಫಿಲ್ ನೀಕ್ರೊ ಅವರಿಂದಲೂ ಪಾಠವಾಯಿತು. ಗಣಿ ಕೆಲಸದ ಅಪ್ಪನಿಂದ ಹಿತ್ತಿಲಲ್ಲಿ ಕಲಿತ ಈ ಎಸೆತವನ್ನು ಫಿಲ್ 48ನೇ ವಯಸ್ಸಿನವರೆಗೆ ಎಸೆದು 318 ಪಂದ್ಯ ಗೆದ್ದವರು. ತೋಳಿಗೆ ದಣಿವು ಕಡಿಮೆಯಾದ್ದರಿಂದ ನಕಲ್‌ಬಾಲ್‌ನವರಿಗೆ ಆಯುಷ್ಯ ಜಾಸ್ತಿ. ಜಪಾನಿನ ಎರಿ ಯೋಶಿದಾ ಎಂಬ ಹುಡುಗಿಯಂತೂ ವೇಕ್‌ಫೀಲ್ಡ್ ಅವರ ವಿಡಿಯೊ ನೋಡಿ ಕಲಿತು, ಗಂಡಸರ ಜೊತೆ ವೃತ್ತಿಪರ ಲೀಗ್‌ನಲ್ಲಿ ಎಸೆದಳು.

ಕ್ಯಾಚರ್‌ಗಳ ಪಾಡು ಹೇಳದೆ ಮುಂದೆ ಹೋಗುವಂತಿಲ್ಲ. 1987ರಲ್ಲಿ ಹಫ್ ಅವರ ಚೆಂಡು ಹಿಡಿಯುತ್ತಿದ್ದ ಜೀನೊ ಪೆಟ್ರಾಲಿ ಆ ವರ್ಷ ಕೈಬಿಟ್ಟದ್ದು 35 ಚೆಂಡು. 2006ರಲ್ಲಿ ವೇಕ್‌ಫೀಲ್ಡ್‌ಗೆ ಹೊಸ ಕ್ಯಾಚರ್ ಕೊಟ್ಟು ನೋಡಿದ ಬೋಸ್ಟನ್, ಐದು ಪಂದ್ಯಗಳಲ್ಲಿ ಹತ್ತು ಚೆಂಡು ಜಾರಿದ್ದು ಕಂಡು, ಬಿಟ್ಟುಕೊಟ್ಟಿದ್ದ ಹಳಬ ಡಗ್ ಮಿರಾಬೆಲಿಯನ್ನೇ ಮತ್ತೆ ಕರೆಸಿತು. ಅಂದು ರಾತ್ರಿಯೇ ಯಾಂಕೀಸ್ ಜೊತೆ ಪಂದ್ಯ. ಮಿರಾಬೆಲಿ ವಿಮಾನ ಇಳಿದು, ಪೊಲೀಸ್ ವಾಹನದಲ್ಲೇ ಬಟ್ಟೆ ಬದಲಿಸಿಕೊಂಡು, ಸೈರನ್ ಹಾಕಿಸಿಕೊಂಡು ಮೈದಾನ ತಲುಪಿದರು. ಮಂತ್ರಿಗಳಿಗೆ ಸಿಗುವ ಮರ್ಯಾದೆ ಒಂದು ಕೈಗವಸಿಗೆ ಸಿಕ್ಕಿತು.

ಡಿಕಿಗೆ ಕೈ ಕುದುರಿದ್ದು 2010ರಲ್ಲಿ. ನ್ಯೂಯಾರ್ಕ್ ಮೆಟ್ಸ್ ಅವರನ್ನು ಕೆಳಗಿನ ಬಫಲೊ ತಂಡಕ್ಕೆ ಕಳಿಸಿತ್ತು. ಅಲ್ಲಿ ಒಂದು ಪಂದ್ಯದಲ್ಲಿ ಮೊದಲ ಬ್ಯಾಟರ್ ಹೊಡೆದ. ಆಮೇಲೆ ಬಂದ 27 ಮಂದಿಯನ್ನೂ ಸಾಲಾಗಿ ಮನೆಗೆ ಕಳಿಸಿದರು. ಮೇ ತಿಂಗಳಲ್ಲಿ ಮೆಟ್ಸ್‌ನಿಂದ ಕರೆ ಬಂತು. ಅವರ ನಕಲ್‌ಬಾಲ್‌ಗೆ ಈಗ ಒಂದು ಹೊಸತನವಿತ್ತು. ವೇಕ್‌ಫೀಲ್ಡ್ ಗಂಟೆಗೆ ಸುಮಾರು 105 ಕಿ.ಮೀ. ವೇಗದಲ್ಲಿ ತೇಲಿಸುತ್ತಿದ್ದರೆ ಡಿಕಿ 125 ಕಿ.ಮೀ. ದಾಟಿಸಿ, ಆದರೂ ತಿರುಗದಂತೆ ಎಸೆಯುತ್ತಿದ್ದರು. ವೇಗದ ಹುಡುಗ ಪೂರ್ತಿ ಸತ್ತಿರಲಿಲ್ಲ.

2012ರ ಜನವರಿಯಲ್ಲಿ ಡಿಕಿ ಕಿಲಿಮಂಜಾರೊ ಹತ್ತಿದರು. ಬಿದ್ದು ಪೆಟ್ಟಾದರೆ ಒಪ್ಪಂದ ರದ್ದಾದೀತೆಂದು ತಂಡ ಎಚ್ಚರಿಸಿತ್ತು. ಹತ್ತಿದ್ದು ಮುಂಬೈಗಾಗಿ: ಅಲ್ಲಿ ಮಾನವ ಸಾಗಣೆಗೆ ಬಲಿಯಾದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುವ ಬಾಂಬೆ ಟೀನ್ ಚಾಲೆಂಜ್ ಸಂಸ್ಥೆಗೆ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿತು. ಬಾಲ್ಯದಲ್ಲಿ ತಮ್ಮ ಮೇಲಾದ ಲೈಂಗಿಕ ದೌರ್ಜನ್ಯವನ್ನು ಆ ವರ್ಷವೇ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದರು. ಮರುವರ್ಷ ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಮುಂಬೈಗೂ ಬಂದರು.

ನಡುವೆ ಬಂದ ಆ ಬೇಸಿಗೆಯಲ್ಲಿ ಅವರು 20 ಪಂದ್ಯ ಗೆದ್ದು 6 ಸೋತರು. 230 ಸ್ಟ್ರೈಕ್‌ಔಟ್. ಜೂನ್ ತಿಂಗಳಲ್ಲಿ ಟ್ಯಾಂಪಾ ಮತ್ತು ಬಾಲ್ಟಿಮೋರ್ ವಿರುದ್ಧ ಐದು ದಿನದ ಅಂತರದಲ್ಲಿ ಎರಡು ಪಂದ್ಯ. ಎರಡರಲ್ಲೂ ಎದುರಾಳಿಗೆ ದಕ್ಕಿದ್ದು ಒಂದೊಂದೇ ಹಿಟ್. ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೊದಲ ಸಲ ನಕಲ್‌ಬಾಲ್‌ನವರೊಬ್ಬರ ಪಾಲಾಯಿತು. ಪ್ರಶಸ್ತಿ ಬಂದ ಮರುತಿಂಗಳೇ ಮೆಟ್ಸ್ ಅವರನ್ನು ಟೊರಾಂಟೊ ತಂಡಕ್ಕೆ ಕೊಟ್ಟು ಎಳೆಯ ಆಟಗಾರರನ್ನು ಪಡೆಯಿತು. ಜೊತೆಯಲ್ಲಿ ಕ್ಯಾಚರ್ ಜಾಶ್ ತೋಲಿ ಕೂಡ ಹೋದರು. ಗಾಯಕರನ್ನು ಕರೆಸುವವರು ಪಕ್ಕವಾದ್ಯದವರನ್ನೂ ಕರೆಸಬೇಕಲ್ಲ.

ಟೊರಾಂಟೊದಲ್ಲಿ ಆ ಮಟ್ಟ ಮತ್ತೆ ಬರಲಿಲ್ಲ, ಬೀಳಲೂ ಇಲ್ಲ. ವರ್ಷ ವರ್ಷ ಇನಿಂಗ್ಸ್ ಎಳೆಯುತ್ತ ಹೋದರು. ಕೊನೆಯ ಋತು 2017ರಲ್ಲಿ, ಫಿಲ್ ನೀಕ್ರೊ ತಮ್ಮ ಹೆಚ್ಚಿನ ವರ್ಷಗಳನ್ನು ಕಳೆದಿದ್ದ ಬ್ರೇವ್ಸ್ ತಂಡಕ್ಕೆ. ಹತ್ತು ಗೆದ್ದರು, ಹತ್ತು ಸೋತರು. ಒಟ್ಟು ಲೆಕ್ಕ ಹಾಕಿದಾಗ 120 ಗೆಲುವು, 118 ಸೋಲು.