ಲಾರಿಯ ಅಡಿಯ ತುಕ್ಕು

ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಮೀನು ಹೊರುವ ಹಳೆಯ ಲಾರಿಗಳ ಅಡಿಗೆ ಒಮ್ಮೆ ಬಗ್ಗಿ ನೋಡಬೇಕು. ಐಸು ಕರಗಿದ ನೀರು ಮೀನಿನ ಉಪ್ಪನ್ನೂ ಸೇರಿಸಿಕೊಂಡು ಹಲಗೆಸಂದಿಯಿಂದ ಸೈಲೆನ್ಸರ್ ಪೈಪಿನ ಮೇಲೆಯೇ ತೊಟ್ಟಿಕ್ಕುತ್ತಿರುತ್ತದೆ. ಮೇಲೆ ಮಳೆಗಾಲ ಬೇರೆ. ಆದರೆ ಪೈಪು ಕೊಳೆಯುವುದು ಹೊರಗಿನಿಂದ ಮಾತ್ರವಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ! ದೂರ ಓಡುವ ಲಾರಿಯಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ಧಕ್ಕೆಗೂ ಐಸ್ ಫ್ಯಾಕ್ಟರಿಗೂ ಸುತ್ತುವ ಲಾರಿಯ ಪೈಪು ಪೂರ್ತಿ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನಿಲ್ಲುತ್ತದೆ, ಡೀಸೆಲಿನ ಗಂಧಕ ಸೇರಿ ಆಮ್ಲವಾಗಿ ತಗಡನ್ನು ತಿನ್ನುತ್ತದೆ. ಬಿಎಸ್-3 (ಭಾರತ್ ಸ್ಟೇಜ್) ಮಾನದಂಡದ ಕಾಲದ ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಗಂಧಕವಿರಬಹುದಿತ್ತು. 2020ರ ಏಪ್ರಿಲಿನಿಂದ ದೇಶವೆಲ್ಲ ಬಳಸುತ್ತಿರುವ ಬಿಎಸ್-6 ಡೀಸೆಲಿಗೆ ಮಿತಿ 10. ಹಳೆಯ ಲಾರಿ ಆ ಹಳೆಯ ಡೀಸೆಲನ್ನು ಕುಡಿದೇ ದುಡಿದದ್ದು.

ಆದ್ದರಿಂದ ಹೊರಗಿನ ಬಣ್ಣವನ್ನು ನಂಬಬಾರದು. ಬಲ್ಲ ಮೆಕ್ಯಾನಿಕ್ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಕೊಳೆತದ್ದು ಮಂದವಾಗಿ ಡಬ್ ಎನ್ನುತ್ತದೆ, ಒಮ್ಮೊಮ್ಮೆ ಸುತ್ತಿಗೆಯೇ ಒಳಗೆ ಹೋಗುತ್ತದೆ.

ಕೊಳೆತ ಪೈಪನ್ನು ಬಿಚ್ಚಲು ಹೊರಟರೆ ನಿಜವಾದ ಪರೀಕ್ಷೆ ಬೋಲ್ಟುಗಳದ್ದು. ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಜಗ್ಗಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಹಾಗೆ ಜಗ್ಗಿ ಮ್ಯಾನಿಫೋಲ್ಡಿನ ಸ್ಟಡ್ಡು ಮುರಿದರೆ ಗಂಟೆಯ ಕೆಲಸ ದಿನ ಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟಿರಬೇಕು. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಆಮೇಲೆ ತುಸು ಸಡಿಲ, ಮತ್ತೆ ಎಣ್ಣೆ, ಮತ್ತೆ ಹಿಂದೆಮುಂದೆ. ಅದಕ್ಕೂ ಬಗ್ಗದಿದ್ದರೆ ಎಣ್ಣೆ ಚೆನ್ನಾಗಿ ಒರೆಸಿ ನಟ್ಟಿಗೆ ಮಾತ್ರ ಗ್ಯಾಸಿನ ಬೆಂಕಿ ತೋರಿಸಬೇಕು. ನಟ್ಟು ಹಿಗ್ಗಿ ತುಕ್ಕಿನ ಹಿಡಿತ ಬಿಡುತ್ತದೆ. ಮುರಿದ ಸ್ಟಡ್ಡಿನ ಮೋಟಿಗೆ ಹೊಸ ನಟ್ಟು ವೆಲ್ಡ್ ಮಾಡಿ ತಿರುಗಿಸಿ ತೆಗೆಯುವವನ ಕೈಯನ್ನು ನೋಡುವುದೇ ನನಗೆ ದೊಡ್ಡ ಸಂತೋಷ. ಆ ತಾಳ್ಮೆಗೆ ಗ್ಯಾರೇಜಿನ ಬಿಲ್ಲಿನಲ್ಲಿ ಬೇರೆ ಕಾಲಮ್ಮಿಲ್ಲ, ಇರಬೇಕಿತ್ತು.

ತೂತಿನ ಮೇಲೆ ತಗಡು ಮೆತ್ತುವ ಪ್ಯಾಚಿನಲ್ಲಿ ನನಗೆ ನಂಬಿಕೆಯಿಲ್ಲ. ಸುತ್ತಲಿನ ಲೋಹ ಹಪ್ಪಳದಂತಾಗಿರುವಾಗ ವೆಲ್ಡಿಂಗ್ ಹಿಡಿಯುವುದಾದರೂ ಯಾವುದನ್ನು? ಗಟ್ಟಿ ಜಾಗ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಕೈಗೆ ಸಿಕ್ಕಿತೆಂದು ಜಿಐ ನೀರಿನ ಪೈಪನ್ನು ಬೆಸೆಯಲೇಬಾರದು, ಅದರ ಸತು ಲೇಪದ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರಬಹುದು.

ಇಷ್ಟೆಲ್ಲ ಹೇಳುವುದು ಕ್ಯಾಬಿನ್ನಿನಲ್ಲಿ ಕೂರುವ, ಅಲ್ಲೇ ಮಲಗುವ ಡ್ರೈವರ್ ಮತ್ತು ಕ್ಲೀನರ್‌ಗಾಗಿ. ಪೈಪಿನಿಂದ ಸೋರುವ ಹೊಗೆ ಕುಡಿಯುವವರು ಅವರೇ. ಎಮಿಷನ್ ಟೆಸ್ಟಿನ ನಳಿಕೆ ಹೋಗುವುದು ಪೈಪಿನ ತುದಿಗೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್. ಆ ಅಂಕಿಯೊಳಗೆ ಪಾಸಾದ ಲಾರಿಯೂ ಕ್ಯಾಬಿನ್ನಿನ ಕೆಳಗಿನ ಜಾಯಿಂಟಿನಲ್ಲಿ ಹೊಗೆ ಉಗುಳುತ್ತಿರಬಹುದು, ಸರ್ಟಿಫಿಕೇಟಿಗೆ ಅದು ಕಾಣುವುದಿಲ್ಲ. ಅದನ್ನು ಹುಡುಕಲು ಯಂತ್ರವೇ ಬೇಕಿಲ್ಲ. ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಒಬ್ಬ ಪೈಪಿನ ತುದಿಗೆ ದಪ್ಪ ಬಟ್ಟೆಯನ್ನು ಗಳಿಗೆ ಹೊತ್ತು ಒತ್ತಿ ಹಿಡಿದರೆ ಸಾಕು. ಇನ್ನೊಬ್ಬ ಪಕ್ಕದಿಂದ ಬಗ್ಗಿ, ಬುಸ್ ಎನ್ನುವ ಸದ್ದಿಗೆ ಕಿವಿಗೊಟ್ಟು, ಫ್ಲ್ಯಾಂಜಿನ ಸುತ್ತ ಕಪ್ಪು ಮಸಿ ಕೂತಿದೆಯೇ ಎಂದು ಟಾರ್ಚು ಬಿಟ್ಟು ನೋಡಬೇಕು.