ಸೆಕೆಂಡನ್ನು ಎಲ್ಲಿಯವರೆಗೆ ಒಡೆಯಬಹುದು?

ಪ್ರಿಯ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ‘ಪ್ಲಾಂಕ್ ಕಾಲಕ್ಕಿಂತ ಚಿಕ್ಕ ಅವಧಿಯೇ ಇಲ್ಲ ಅಂತ ಎಲ್ಲ ಕಡೆ ಬರೆದಿರ್ತಾರೆ. ಹಾಗಾದರೆ ಕಾಲ ಹರಿಯೋದಲ್ಲ, ತುಣುಕು ತುಣುಕಾಗಿದೆ ಅಂತ ವಿಜ್ಞಾನದಲ್ಲಿ ತೀರ್ಮಾನ ಆಗಿದೆಯಾ?’ ಎಂದು ಕೇಳಿದ್ದೀರಿ. ಆಗಿಲ್ಲ. ಎಲ್ಲ ಕಡೆ ಬರೆದಿರುತ್ತಾರೆ ಎನ್ನುವುದೇನೋ ನಿಜ. ಆದರೆ ಆ ಮಾತಿಗೆ ಪ್ಲಾಂಕ್ ಹೊಣೆಯಲ್ಲ.

1899ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಹುಡುಕುತ್ತಿದ್ದುದು ಬೇರೆಯದನ್ನೇ. ಮೀಟರು, ಸೆಕೆಂಡು, ಕಿಲೋಗ್ರಾಂಗಳೆಲ್ಲ ಮನುಷ್ಯರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಅಳತೆಗಳು. ಭೂಮಿಯನ್ನೇ ಕಾಣದ ಜೀವಿಗಳೂ ಒಪ್ಪಬಹುದಾದ ಅಳತೆ ಇರಬಾರದೇ ಎಂದು ಅವರು ನಿಸರ್ಗದ ಸ್ಥಿರಾಂಕಗಳನ್ನೇ ಗುಣಿಸಿ ಭಾಗಿಸಿ ನೋಡಿದರು. ಬೆಳಕಿನ ವೇಗ, ನ್ಯೂಟನ್ನನ ಗುರುತ್ವ ಸ್ಥಿರಾಂಕ, ಈಗ ಪ್ಲಾಂಕ್ ಹೆಸರಿನಲ್ಲೇ ಇರುವ ಸ್ಥಿರಾಂಕ, ಇವು ಮೂರರಿಂದ ಒಂದು ಉದ್ದ, ಒಂದು ಕಾಲ, ಒಂದು ದ್ರವ್ಯರಾಶಿ ಹೊರಬಂದವು. ಇವತ್ತಿನ ಲೆಕ್ಕದಲ್ಲಿ ಆ ಕಾಲ, ಅಂದರೆ ಪ್ಲಾಂಕ್ ಕಾಲ, ಸುಮಾರು 5.4 × 10⁻⁴⁴ ಸೆಕೆಂಡು. ದಶಮಾಂಶ ಬಿಂದುವಿನ ಮುಂದೆ 43 ಸೊನ್ನೆ ಬರೆದು ಆಮೇಲೆ 54 ಬರೆಯಬೇಕು.

ತಮಾಷೆ ಇರುವುದು ದ್ರವ್ಯರಾಶಿಯಲ್ಲಿ. ಅದೇ ಲೆಕ್ಕದಿಂದ ಬರುವ ಪ್ಲಾಂಕ್ ದ್ರವ್ಯರಾಶಿ ಸುಮಾರು 22 ಮೈಕ್ರೋಗ್ರಾಂ, ಅಂದರೆ ಕಾಲು ಮಿಲಿಮೀಟರು ಗಾತ್ರದ ಮರಳಿನ ಕಣದ ತೂಕ. ಜಗತ್ತಿನಲ್ಲಿ ಇದಕ್ಕಿಂತ ಹಗುರವಾದದ್ದು ಇಲ್ಲ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಎಲೆಕ್ಟ್ರಾನೇ ನಕ್ಕೀತು. ಹೀಗಿರುವಾಗ ಒಟ್ಟಿಗೆ ಹುಟ್ಟಿದ ಮೂರರಲ್ಲಿ ಕಾಲಕ್ಕೆ ಏಕೆ ‘ಕನಿಷ್ಠ’ದ ಪಟ್ಟ ಕಟ್ಟಬೇಕು? ಅಷ್ಟು ಕಿರಿದಾದ ಅವಧಿಗೆ ಇಳಿದಾಗ ಐನ್‌ಸ್ಟೈನರ ಗುರುತ್ವ ಸಿದ್ಧಾಂತ, ಕ್ವಾಂಟಂ ಸಿದ್ಧಾಂತ ಎರಡೂ ಒಟ್ಟಿಗೆ ಬೇಕಾಗುತ್ತವೆ. ಎರಡನ್ನೂ ಕೂಡಿಸುವ, ಎಲ್ಲರೂ ಒಪ್ಪಿದ ಸಿದ್ಧಾಂತ ಇನ್ನೂ ಹುಟ್ಟಿಲ್ಲ. ನಮ್ಮ ಸಮೀಕರಣಗಳ ಗಡಿ ಅಲ್ಲಿದೆ ಎಂಬುದಷ್ಟೇ ಪ್ಲಾಂಕ್ ಕಾಲದಿಂದ ತಿಳಿಯುವುದು. ಗಡಿಯಾಚೆ ಕಾಲ ತುಂಡಾಗಿದೆಯೋ ಇಡಿಯಾಗಿದೆಯೋ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಅಳೆದೇ ನೋಡಬಾರದೇ ಎನ್ನುತ್ತೀರಿ. 2020ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ತಂಡವೊಂದು, ಬೆಳಕು ಒಂದು ಹೈಡ್ರೋಜನ್ ಅಣುವನ್ನು ದಾಟಲು ಹಿಡಿಯುವ ಹೊತ್ತನ್ನು ಅಳೆಯಿತು. ಅದು 247 ಜೆಪ್ಟೋಸೆಕೆಂಡು. ಒಂದು ಸೆಕೆಂಡಿನಲ್ಲಿ 10²¹ ಜೆಪ್ಟೋಸೆಕೆಂಡುಗಳಿವೆ. ಈಗ ಪ್ಲಾಂಕ್ ಕಾಲವನ್ನು ಒಂದು ಸೆಕೆಂಡಿನಷ್ಟು ಹಿಗ್ಗಿಸಿದೆವು ಎಂದುಕೊಳ್ಳಿ. ಆ 247 ಜೆಪ್ಟೋಸೆಕೆಂಡು ವಿಶ್ವದ ಈಗಿನ ವಯಸ್ಸಿನ ಸುಮಾರು ಒಂದು ಕೋಟಿ ಪಟ್ಟಾಗುತ್ತದೆ! ನೇರವಾಗಿ ಅಳೆಯುವ ಮಾತು ಸದ್ಯಕ್ಕೆ ಬಿಡಿ.

ಕ್ವಾಂಟಂ ಎಂದಮೇಲೆ ಎಲ್ಲವೂ ತುಂಡುತುಂಡೇ ಎಂಬ ಭಾವನೆಯೂ ಸರಿಯಲ್ಲ. ಪರಮಾಣುವಿನೊಳಗೆ ಕಟ್ಟುಬಿದ್ದ ಎಲೆಕ್ಟ್ರಾನಿನ ಶಕ್ತಿಗೆ ಹಂತಗಳಿವೆ. ಬಿಡಿಯಾಗಿ ಓಡಾಡುವ ಎಲೆಕ್ಟ್ರಾನಿಗೆ ಆ ಕಟ್ಟುಪಾಡಿಲ್ಲ. ಕ್ವಾಂಟಂ ಸಿದ್ಧಾಂತದ ಅಡಿಪಾಯವಾದ ಶ್ರೋಡಿಂಗರ್ ಸಮೀಕರಣದಲ್ಲಿ ಕಾಲ ಅಖಂಡವಾಗಿಯೇ ಇದೆ.

ನಮ್ಮ ದರ್ಶನಗಳಲ್ಲೂ ಈ ಜಗಳವಿತ್ತು. ವಸ್ತುವನ್ನು ಪರಮಾಣುಗಳವರೆಗೆ ಒಡೆದ ವೈಶೇಷಿಕರು ಕಾಲವನ್ನು ಮಾತ್ರ ಒಡೆಯಲಿಲ್ಲ. ಅದು ಒಂದೇ, ಎಲ್ಲೆಡೆ ವ್ಯಾಪಿಸಿದ್ದು ಎಂದರು. ದಿಗಂಬರ ಜೈನರು ಕಾಲಾಣುಗಳನ್ನು ಒಪ್ಪಿದರು. ಒಂದು ಪರಮಾಣು ಆಕಾಶದ ಒಂದು ಪ್ರದೇಶದಿಂದ ಪಕ್ಕದ ಪ್ರದೇಶಕ್ಕೆ ಸರಿಯುವಷ್ಟು ಹೊತ್ತೇ ಅವರ ಪಾಲಿಗೆ ಅತಿ ಕಿರಿಯ ಅವಧಿ. ಪ್ಲಾಂಕ್ ಕಾಲವನ್ನೂ ಬೆಳಕು ಪ್ಲಾಂಕ್ ಉದ್ದವನ್ನು ದಾಟುವ ಹೊತ್ತು ಎಂದು ವಿವರಿಸುತ್ತಾರೆ. ಹೋಲಿಕೆ ನೋಡಿ ನನಗೂ ಖುಷಿಯಾಯಿತು. ಆದರೆ ‘ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂದು ವಾಟ್ಸಾಪಿನಲ್ಲಿ ಹಂಚಬೇಡಿ, ದಮ್ಮಯ್ಯ. ಅವರು ತರ್ಕದಿಂದ ಅಲ್ಲಿಗೆ ಹೋದರು. ಆ ತರ್ಕವನ್ನು ಅದರ ಜಾಗದಲ್ಲೇ ಮೆಚ್ಚಬಹುದು.

ಕಾಲ ತುಣುಕಾಗಿದೆ ಎನ್ನುವವರಿಗೆ ಎದುರಾಗುವ ನಿಜವಾದ ತೊಡಕು ಬೇರೆ. ಯಾರ ತುಣುಕು? ನಮ್ಮೆದುರು ವೇಗವಾಗಿ ಸಾಗುವವರ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗುತ್ತದೆ, ಅವರ ಲೆಕ್ಕದಲ್ಲಿ ನಮ್ಮದು. ವಿಶ್ವಕ್ಕೆಲ್ಲ ಒಂದೇ ಟಿಕ್ ಟಿಕ್ ಎಂದರೆ ಯಾರೋ ಒಬ್ಬರ ಗಡಿಯಾರಕ್ಕೆ ವಿಶೇಷ ಮರ್ಯಾದೆ ಕೊಟ್ಟಂತೆ. 1905ರಲ್ಲಿ ಐನ್‌ಸ್ಟೈನ್ ಕಿತ್ತುಹಾಕಿದ್ದು ಆ ಮರ್ಯಾದೆಯನ್ನೇ.

ಇದಕ್ಕೆ ಬಂದಿರುವ ಉತ್ತರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು 1987ರಲ್ಲಿ ರಫೇಲ್ ಸಾರ್ಕಿನ್ ಮತ್ತು ಸಂಗಡಿಗರು ಮುಂದಿಟ್ಟ ‘ಕಾಸಲ್ ಸೆಟ್’ ಕಲ್ಪನೆ. ಸಾಲು ಹಿಡಿದು ಇಟ್ಟ ರಂಗೋಲಿ ಚುಕ್ಕಿಗಳಿಗೆ ದಿಕ್ಕಿದೆ. ಓರೆಯಾಗಿ ನಿಂತು ನೋಡಿದರೆ ಬೇರೆಯಾಗಿ ಕಾಣುತ್ತವೆ. ಅದೇ ಅಂಗಳದ ಮೇಲೆ ನಾಲ್ಕು ಮಳೆಹನಿ ಬಿದ್ದ ಗುರುತುಗಳಿಗೆ ಸಾಲೂ ಇಲ್ಲ, ದಿಕ್ಕೂ ಇಲ್ಲ. ದೇಶಕಾಲದ ಬಿಂದುಗಳು ಹಾಗೆ ಅಡ್ಡಾದಿಡ್ಡಿ ಚೆಲ್ಲಿದ್ದರೆ ಯಾರ ಗಡಿಯಾರದ ಮೇಲೂ ಪಕ್ಷಪಾತವಾಗುವುದಿಲ್ಲ. ಮೂಲದಲ್ಲಿ ಇರುವುದು ಎರಡೇ ಸಂಗತಿ: ಯಾವ ಘಟನೆ ಯಾವುದಕ್ಕೆ ಕಾರಣವಾಗಬಲ್ಲದು, ಮತ್ತು ನಡುವೆ ಎಷ್ಟು ಬಿಂದುಗಳಿವೆ. ಉದ್ದ, ಅಗಲ, ಗಂಟೆ, ನಿಮಿಷಗಳೆಲ್ಲ ಇವೆರಡರಿಂದಲೇ ಮೂಡಬೇಕು. ಇದರಲ್ಲಿ ದುಡಿಯುತ್ತಿರುವ ಪ್ರಮುಖರೊಬ್ಬರು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಇದ್ದಾರೆ, ಸುಮತಿ ಸೂರ್ಯ. ಈ ಕ್ಷೇತ್ರದ ಬಗ್ಗೆ 2019ರಲ್ಲಿ ಅವರು ಬರೆದ ದೀರ್ಘ ಸಮೀಕ್ಷೆ ಗಣಿತ ಬಲ್ಲವರಿಗೆ ಒಳ್ಳೆಯ ದಾರಿ.

ಆಕಾಶವೂ ಒಂದಿಷ್ಟು ಸಾಕ್ಷಿ ನುಡಿದಿದೆ. 2009ರ ಮೇ 10ರಂದು ಫರ್ಮಿ ಉಪಗ್ರಹ, 700 ಕೋಟಿ ವರ್ಷಗಳಿಗೂ ಹಿಂದೆ ಹೊರಟ ಗಾಮಾ ಕಿರಣಗಳ ಸ್ಫೋಟವೊಂದನ್ನು ಕಂಡಿತು. ದೇಶಕಾಲ ಪ್ಲಾಂಕ್ ಮಟ್ಟದಲ್ಲಿ ತರಿತರಿಯಾಗಿದ್ದರೆ ಹೆಚ್ಚು ಶಕ್ತಿಯ ಬೆಳಕು ತುಸು ಹಿಂದೆ ಬೀಳಬೇಕು ಎಂದು ಕೆಲವು ಮಾದರಿಗಳು ಹೇಳುತ್ತಿದ್ದವು. ಆದರೆ ಅತಿ ಶಕ್ತಿಯ ಫೋಟಾನೊಂದು ಸ್ಫೋಟ ಕಾಣಿಸಿದ ಒಂದು ಸೆಕೆಂಡಿನೊಳಗೇ ಬಂದು ತಲುಪಿತು. ಸರಳವಾದ ಅಂಥ ಮಾದರಿಗಳಿಗೆ ಅಂದಿನಿಂದ ಜಾಗ ಇಕ್ಕಟ್ಟಾಗಿದೆ. ಅಡ್ಡಾದಿಡ್ಡಿ ಬಿಂದುಗಳ ಕಲ್ಪನೆಗೆ ಇದರಿಂದ ಪೆಟ್ಟು ಬಿದ್ದಿಲ್ಲ.

ಗುರುತ್ವ, ಕ್ವಾಂಟಂ ಸಿದ್ಧಾಂತಗಳನ್ನು ಕೂಡಿಸುವ ಇನ್ನೊಂದು ಯತ್ನವಾದ, ಅಭಯ್ ಅಶ್ತೇಕರ್ 1986ರಲ್ಲಿ ಅಡಿಪಾಯ ಹಾಕಿದ ಲೂಪ್ ಗುರುತ್ವದ ಕತೆ ಇನ್ನೂ ಬಾಕಿ ಇದೆ. ಅಲ್ಲಿ ವಿಸ್ತೀರ್ಣ, ಗಾತ್ರಗಳು ತುಣುಕಾಗಿ ಬರುತ್ತವೆ, ಕಾಲದ ವಿಷಯಕ್ಕೆ ಬಂದಾಗ ಮಾತ್ರ ಬಲ್ಲವರಲ್ಲೇ ಒಮ್ಮತವಿಲ್ಲ. ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುವೆ. ಅಷ್ಟರಲ್ಲಿ ನೀವು ಆ ‘ಎಲ್ಲ ಕಡೆ’ಗಳಲ್ಲಿ ಒಂದೆರಡನ್ನು ಕಳಿಸಿಕೊಡಿ. ಪ್ಲಾಂಕ್ ದ್ರವ್ಯರಾಶಿಯ ಬಗ್ಗೆ ಅವರೇನು ಬರೆದಿದ್ದಾರೆ ಎಂದು ನೋಡುವ ಕುತೂಹಲ ನನಗೆ.

ಇತಿ ನಿಮ್ಮ ಪತ್ರಮಿತ್ರ