ಫೋಟೋದ ಮನೆ, ಗೋಡೆಯ ತೇವ

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹಾವೇರಿ ಕಡೆ ಮನೆ ಮಾರುವುದೆಂದರೆ ಬಾಯಿಂದ ಬಾಯಿಗೆ ಹೋಗುವ ಸುದ್ದಿಯಾಗಿತ್ತು. ಚಹಾದಂಗಡಿಯಲ್ಲಿ ಒಂದು ಮಾತು, ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಒಂದು ಮಾತು, ಸಂತೆಯಲ್ಲಿ ಸಿಕ್ಕ ಪರಿಚಯದವರ ಕಿವಿಗೆ ಒಂದು ಮಾತು. ಕೊಳ್ಳುವವನು ಬಂದು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಆಮೇಲೆ ಒಳಗೆ ಕಾಲಿಡುತ್ತಿದ್ದ. ಈಗ ಆತ ಮೊದಲು ಬರುವುದು ಮೊಬೈಲಿನ ಮೂಲಕ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸೌದಿಯಲ್ಲೋ ಕೂತು ನಾಲ್ಕು ಫೋಟೋ ನೋಡುತ್ತಾನೆ. ಹಿಡಿಸದಿದ್ದರೆ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುತ್ತಾನೆ. ಮನೆಯ ಹಣೆಬರಹ ಆ ನಾಲ್ಕು ಫೋಟೋಗಳಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ.

ಹಾವೇರಿಯಲ್ಲಿದ್ದ ತಂದೆಯ ಮನೆಯನ್ನು ಮಾರಲು ಹೊರಟಾಗ ನಮಗೆ ಇದು ಅನುಭವಕ್ಕೆ ಬಂತು. ನಾವು ಐವರು ಮಕ್ಕಳು, ಇಬ್ಬರು ಗಂಡು, ಮೂವರು ಹೆಣ್ಣು. ತಾಯಿ ಮೊದಲೇ ತೀರಿಕೊಂಡಿದ್ದರು, ನಂತರ ಅಬ್ಬಾ ಹೋದರು. ಶರೀಅತ್ತಿನ ಲೆಕ್ಕದಲ್ಲಿ ಮನೆ ಏಳು ಪಾಲಾಗಬೇಕು. ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಮೂರು ಕೋಣೆ, ಒಂದು ಪಡಸಾಲೆಯ ಮನೆಯನ್ನು ಏಳು ತುಂಡು ಮಾಡಲು ಬರುವುದಿಲ್ಲ. ಮಾರಿ ಹಣ ಹಂಚಿಕೊಳ್ಳುವುದೊಂದೇ ದಾರಿ.

ನಮ್ಮ ಸಮಾಜದಲ್ಲಿ ಇಂಥ ಸಂದರ್ಭದಲ್ಲಿ ನಡೆಯುವುದೇನು? ತವರಿನ ಬಾಗಿಲು ತೆರೆದಿರಲಿ ಎಂದು ಹೇಳಿ ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಇಲ್ಲವೇ ಮನೆಗೆ ಕಡಿಮೆ ಬೆಲೆ ಕಟ್ಟಿ, ಕೈಗೊಂದಿಷ್ಟು ಇಟ್ಟು ಕಳಿಸುತ್ತಾರೆ. ಕುರ್‌ಆನ್ ನಿಗದಿಪಡಿಸಿದ ಪಾಲು ಪ್ರವಚನಗಳಲ್ಲಿ ಉಳಿಯುತ್ತದೆ, ಅವರ ಕೈ ಸೇರುವುದಿಲ್ಲ. ನಮ್ಮಲ್ಲಿ ಒಬ್ಬಾಕೆ ಗಂಡನನ್ನು ಕಳೆದುಕೊಂಡು ರಾಣೆಬೆನ್ನೂರಿನಲ್ಲಿ ಬಟ್ಟೆ ಹೊಲಿದು ಮಕ್ಕಳನ್ನು ಓದಿಸುತ್ತಿದ್ದಾಳೆ. ಅವಳ ಏಳನೆಯ ಒಂದು ಪಾಲೇ ಅವಳ ಒಟ್ಟು ಆಸ್ತಿ. ಆದ್ದರಿಂದ ಮನೆಗೆ ನ್ಯಾಯವಾದ ಬೆಲೆ ಬರಬೇಕೆಂಬುದು ನಮಗೆ ಹಣದಾಸೆಯಾಗಿರಲಿಲ್ಲ, ಹಕ್ಕಿನ ಪ್ರಶ್ನೆಯಾಗಿತ್ತು.

ಒಳ್ಳೆಯ ಫೋಟೋಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ. ಮೊದಲು ಬೇಕಾದದ್ದು ಪೊರಕೆ. ಮನೆ ಗುಡಿಸಿ, ಮೂಲೆಯಲ್ಲಿದ್ದ ಹಳೆ ಟ್ರಂಕು, ಮುರಿದ ಕುರ್ಚಿ, ಒಲೆಯ ಬಳಿಯ ಡಬ್ಬಿಗಳನ್ನು ಹೊರಗೆ ಸಾಗಿಸಿದೆವು. ಪಡಸಾಲೆಗೆ ಬೆಳಗಿನ ಬಿಸಿಲು, ಹಿತ್ತಲಿಗೆ ಸಂಜೆಯ ಬಿಸಿಲು. ಆಯಾ ಹೊತ್ತಿಗೆ ಕಿಟಕಿ ಬಾಗಿಲು ತೆರೆದು, ಫ್ಲಾಶ್ ಇಲ್ಲದೆ ತೆಗೆದೆವು. ಮೊಬೈಲಿನ ಕಣ್ಣನ್ನು ಬಟ್ಟೆಯಿಂದ ಒರೆಸಿ, ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿದು, ಕೋಣೆಯ ಮೂಲೆಯಿಂದ ತೆಗೆದರೆ ಎರಡು ಗೋಡೆ, ನೆಲ, ಕಿಟಕಿ ಎಲ್ಲವೂ ಕಾಣುತ್ತವೆ. ಮೊಬೈಲಿನಲ್ಲಿ ಅಗಲ ನೋಟದ ಲೆನ್ಸೂ ಇರುತ್ತದೆ. ಅದು ಚಿಕ್ಕ ಕೋಣೆಯನ್ನು ಮದುವೆ ಹಾಲಿನಂತೆ ತೋರಿಸುತ್ತದೆ. ಅದನ್ನು ಬಳಸಿದರೆ ಕೋಣೆಯ ಉದ್ದ ಅಗಲವನ್ನು ಅಡಿಯಲ್ಲಿ ಬರೆದು ಹಾಕುವುದೇ ಸರಿ. ನಾವು ಒಂದು ಕೋಣೆಯಲ್ಲಿ ಮಂಚವನ್ನು ಹಾಗೇ ಬಿಟ್ಟೆವು. ಮಂಚ ಎಷ್ಟು ದೊಡ್ಡದು ಎಂದು ಎಲ್ಲರಿಗೂ ಗೊತ್ತು, ಅದರಿಂದ ಕೋಣೆಯ ಅಳತೆ ತಿಳಿಯುತ್ತದೆ.

ಇಷ್ಟರಲ್ಲಿ ಒಬ್ಬ ಏಜೆಂಟರು ಬಂದರು. ಖಾಲಿ ಪಡಸಾಲೆಯ ಒಂದು ಫೋಟೋ ತೆಗೆದುಕೊಂಡು ಹೋಗಿ, ಮರುದಿನ ಅದೇ ಫೋಟೋವನ್ನು ಬೇರೆ ರೂಪದಲ್ಲಿ ತೋರಿಸಿದರು. ಸೋಫಾ, ಗಾಲಿಚೆ, ಪರದೆ, ಮೂಲೆಯಲ್ಲೊಂದು ಹಸಿರು ಗಿಡ. ಇದಕ್ಕೆ ವರ್ಚುವಲ್ ಸ್ಟೇಜಿಂಗ್ ಎನ್ನುತ್ತಾರೆ. ಮೊದಲು ಇದನ್ನು ಪರಿಣತರು ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ಕೂತು ಮಾಡುತ್ತಿದ್ದರು. ಈಗ ಕೃತಕ ಬುದ್ಧಿಮತ್ತೆ ಕೆಲವೇ ನಿಮಿಷದಲ್ಲಿ ಮಾಡಿಕೊಡುತ್ತದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಕಣ್ಣಿಟ್ಟು ನೋಡಿದಾಗ ಇನ್ನೆರಡು ಬದಲಾವಣೆ ಕಂಡವು. ತೇವ ಹಿಡಿದು ಸುಣ್ಣ ಉದುರುತ್ತಿದ್ದ ಉತ್ತರದ ಗೋಡೆ ಹೊಸ ಬಣ್ಣದಿಂದ ಮಿಂಚುತ್ತಿತ್ತು. ಬಾಗಿಲ ಮೇಲಿದ್ದ ಆಯತುಲ್ ಕುರ್ಸಿಯ ಕಟ್ಟಿನ ಜಾಗದಲ್ಲಿ ಯಾವುದೋ ಹಿಮದ ಗುಡ್ಡದ ಚಿತ್ರವಿತ್ತು.

"ಈಗ ಎಲ್ಲಾರೂ ಹಿಂಗ ಮಾಡ್ತಾರ್ರಿ. ಮಂದಿ ಮೊದಲ ಬಂದು ನೋಡ್ಲಿ. ಯಾರ ಮನಿ ಅಂತ ಮೊದಲ ಗೊತ್ತಾಗೋದು ಬ್ಯಾಡ" ಎಂದರು ಅವರು. ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ, ಮಾರುಕಟ್ಟೆಯ ಅನುಭವವಿತ್ತು.

ಒಂದೇ ಫೋಟೋದಲ್ಲಿ ಮೂರು ಬದಲಾವಣೆ. ಮೂರೂ ಒಂದೇ ಅಲ್ಲ ಎಂಬುದು ನಮಗೆ ನಿಧಾನವಾಗಿ ಹೊಳೆಯಿತು. ಸೋಫಾ ಕೊಳ್ಳುವವನ ಕಲ್ಪನೆಗೆ ಸಹಾಯ. ಅದು ಮನೆಯ ಜೊತೆ ಬರುವುದಿಲ್ಲವೆಂದು ತಿಳಿಸಿದರೆ ಅದರಲ್ಲಿ ಮೋಸವಿಲ್ಲ. ಗೋಡೆಯ ವಿಷಯ ಬೇರೆ. ಅದು ದೋಷವನ್ನು ಮುಚ್ಚುವುದು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಹೆಸರೇ ಅದರ ಬಣ್ಣದಿಂದ. ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಹಾಗಿದ್ದರೂ ವ್ಯಾಪಾರಿ ಮೇಲಿನ ಬಣ್ಣ ನೋಡಿ ಟೆಂಡರ್ ಬರೆಯುವುದಿಲ್ಲ. ಚೀಲದೊಳಗೆ ಕೈ ಹಾಕಿ, ತಳದ ಕಾಯಿ ತೆಗೆದು, ಮುರಿದು ನೋಡುತ್ತಾನೆ. ತೇವ ಇದ್ದರೆ ಕೈಗೆ ತಿಳಿಯುತ್ತದೆ. ಪ್ರವಾದಿ ಮುಹಮ್ಮದ್(ಸ)ರವರು ಮದೀನದ ಮಾರುಕಟ್ಟೆಯಲ್ಲಿ ಮಾಡಿದ್ದೂ ಇದನ್ನೇ. ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ಮೋಸ ಮಾಡುವವನು ತಮ್ಮವನಲ್ಲವೆಂದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ವರದಿಯಾಗಿದೆ. ಆ ವ್ಯಾಪಾರಿ ನೀರು ಹಾಕಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ತೇವವನ್ನು ಕೆಳಗಿಟ್ಟಿದ್ದ, ಅಷ್ಟೇ. ನಮ್ಮ ಉತ್ತರದ ಗೋಡೆಯ ಕತೆಯೂ ಅದೇ ಆಗುವುದರಲ್ಲಿತ್ತು.

ಹನಫೀ ಫಿಕ್ಹ್‌ನಲ್ಲಿ ನೋಡದೆ ಕೊಂಡವನಿಗೆ, ನೋಡಿದ ಮೇಲೆ ವ್ಯಾಪಾರ ಬಿಡುವ ಹಕ್ಕಿದೆ. ಅದಕ್ಕೆ ಖಿಯಾರೆ ರೂಯತ್ ಎಂದು ಹೆಸರು. ಹಳೆಯ ದೋಷ ಆಮೇಲೆ ತಿಳಿದರೆ ಸರಕು ಮರಳಿಸುವ ಹಕ್ಕೂ ಇದೆ. ಫೋಟೋ ನೋಡಿ ಮುಂಗಡ ಕಳಿಸುವ ಈ ಕಾಲಕ್ಕೆ ಬರೆದಂತಿದೆ. ನಮ್ಮ ದೇಶದ ಕಾನೂನೂ ಇದಕ್ಕೆ ದೂರವಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನಂತೆ, ತನಗೆ ಗೊತ್ತಿರುವ, ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ, ಮನೆಯ ಜಾಹೀರಾತಿನ ಫೋಟೋವನ್ನು ಕಂಪ್ಯೂಟರಿನಲ್ಲಿ ಬದಲಿಸಿದರೆ ಏಜೆಂಟರು ಅದನ್ನು ಹೇಳಿ, ಮೂಲ ಫೋಟೋವನ್ನೂ ತೋರಿಸಬೇಕೆಂಬ ಕಾನೂನು ಬಂದಿದೆ.

ರಾಣೆಬೆನ್ನೂರಿನ ಬೀಜದ ಅಂಗಡಿಗಳಲ್ಲಿ ಇದಕ್ಕೊಂದು ಒಳ್ಳೆಯ ಮಾದರಿಯಿದೆ. ಬೀಜದ ಪೊಟ್ಟಣದ ಮುಂದೆ ಹೊಳೆಯುವ ತೆನೆ, ಕೆಂಪು ಟೊಮೆಟೊ. ಅದು ಆಸೆ. ರೈತ ಅದನ್ನು ನೋಡಿ ಸುಮ್ಮನಾಗುವುದಿಲ್ಲ, ತಿರುಗಿಸಿ ಚೀಟಿ ನೋಡುತ್ತಾನೆ. ಮೊಳಕೆಯ ಪ್ರಮಾಣ ಎಷ್ಟು, ಶುದ್ಧತೆ ಎಷ್ಟು, ಪರೀಕ್ಷೆ ಮಾಡಿದ ದಿನಾಂಕ ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಮುಂದೆ ಆಸೆ ಇರಲಿ, ಹಿಂದೆ ಸತ್ಯ ಇರಲಿ. ಮನೆಗೂ ಅಷ್ಟೇ ಸಾಕು.

ಇನ್ನು ಮೂರನೆಯ ಬದಲಾವಣೆ. ಗೋಡೆಯ ಮೇಲಿನ ಆಯತ್ತನ್ನು ನಾವು ಹೇಗೂ ನಮ್ಮ ಜೊತೆ ಒಯ್ಯುವವರು. ಮನೆ ಮಾರುವ ಯಾರೇ ಆದರೂ ತಮ್ಮ ಹಿರಿಯರ ಫೋಟೋ, ದೇವರ ಪಟ ತೆಗೆದಿಡುವುದು ಸಹಜ. ಆದರೆ ಅದನ್ನು ತೆಗೆಯಬೇಕಾದ ಕಾರಣ ಮನಸ್ಸಿಗೆ ಚುಚ್ಚಿತು. ಬಾಡಿಗೆ ಮನೆ ಕೇಳಿ ಫೋನ್ ಮಾಡಿ, ಹೆಸರು ಹೇಳಿದೊಡನೆ ನಿನ್ನೆಯೇ ಕೊಟ್ಟಾಯಿತೆಂಬ ಉತ್ತರ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಹೆಸರಿನ ಭಾರ ನಮಗೆ ಗೊತ್ತು. ರಾಣೆಬೆನ್ನೂರಿನ ಸಹೋದರಿ ಏಜೆಂಟರಿಗೆ ಕೇಳಿದಳು: "ಅಬ್ಬಾನ ಹೆಸರು ಖಾತೆದಾಗ ಐತ್ರಿ ಅಣ್ಣಾ. ಅಲ್ಲೂ ಗುಡ್ಡದ ಚಿತ್ರ ಹಾಕ್ತೀರೇನು?" ಅವರು ನಕ್ಕುಬಿಟ್ಟರು. ನಾವೂ ನಕ್ಕೆವು.

ಕೊನೆಗೆ ಒಂಬತ್ತು ಫೋಟೋ ಹಾಕಿದೆವು. ಸೋಫಾ ಸೇರಿಸಿದ ಚಿತ್ರ ಒಂದೇ. ಅದರ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ್ದು ಎಂದು ಕನ್ನಡದಲ್ಲಿ ಬರೆದು, ಪಕ್ಕದಲ್ಲೇ ಖಾಲಿ ಪಡಸಾಲೆಯ ಫೋಟೋ ಇಟ್ಟೆವು. ಆಯತ್ತು ಅದರ ಜಾಗದಲ್ಲೇ ಇತ್ತು. ತೇವದ ಗೋಡೆಗೆ ಪ್ರತ್ಯೇಕ ಫೋಟೋ. ಯಾವ ಫೋಟೋದಲ್ಲೂ ಕಾಣದ ಸಂಗತಿಗಳನ್ನು ಕೆಳಗೆ ಬರೆದೆವು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಓಣಿಯಲ್ಲಿ ಕಾರು ತಿರುಗುತ್ತದೆಯೇ, ಮಳೆ ಬಂದರೆ ಗಟಾರದ ನೀರು ಎಲ್ಲಿಯವರೆಗೆ ಬರುತ್ತದೆ.

ಯಾರ ಮನೆ ಎಂದು ಕೇಳಿ ಫೋನ್ ಇಟ್ಟವರೂ ಇದ್ದರು. ಗೋಡೆ ನೋಡಿ ಬೇಡವೆಂದವರೂ ಇದ್ದರು. ಅವರಿಗೆ ಬಸ್ ಚಾರ್ಜು ಉಳಿಯಿತು, ನಮಗೆ ಹೊತ್ತು ಉಳಿಯಿತು. ಮೂರು ತಿಂಗಳ ಮೇಲೆ ಬ್ಯಾಡಗಿಯಲ್ಲಿ ವ್ಯಾಪಾರ ಮಾಡುವ ಒಬ್ಬರು ಮನೆಯವರೊಂದಿಗೆ ಬಂದರು. ಅವರು ನಮ್ಮ ಧರ್ಮದವರಲ್ಲ. ನೇರ ಉತ್ತರದ ಗೋಡೆಗೆ ಹೋಗಿ ಅಂಗೈ ಇಟ್ಟು, "ಫೋಟೋದಾಗ ಇದ್ದಷ್ಟ ಐತಿ" ಎಂದರು. ಗೌಂಡಿ ಹೇಳಿದ ದುರಸ್ತಿ ಖರ್ಚನ್ನು ಕಳೆದು ಬೆಲೆ ಕೂಡಿತು. ಏಜೆಂಟರು ಮೊದಲು ಹೇಳಿದ ಮೊತ್ತಕ್ಕಿಂತ ಅದು ಕಡಿಮೆಯೇ. ಆದರೆ ಏಳೂ ಪಾಲಿನ ಹಣ ನೋಂದಣಿಯ ದಿನವೇ ಐದು ಬೇರೆ ಬೇರೆ ಚೆಕ್ಕುಗಳಲ್ಲಿ ಬಂತು, ಅಕ್ಕತಂಗಿಯರ ಚೆಕ್ಕು ಅವರವರ ಹೆಸರಿನಲ್ಲೇ.

ತಂತ್ರಜ್ಞಾನವನ್ನು ದೂರಿ ಫಲವಿಲ್ಲ. ಮನೆ ಮಾರುವವರು ಚೆನ್ನಾಗಿ ಗುಡಿಸಲಿ, ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಯಲಿ, ಬೇಕಾದರೆ ಸೋಫಾವನ್ನೂ ಸೇರಿಸಲಿ. ಆದರೆ ಯಾರೋ ಸಾಲ ಮಾಡಿ, ಚಿನ್ನ ಅಡವಿಟ್ಟು ಆ ಮನೆ ಕೊಳ್ಳುತ್ತಾರೆ. ಮೊದಲ ಮಳೆಗಾಲದಲ್ಲಿ ಗೋಡೆ ಮುಟ್ಟಿದಾಗ ಅವರ ಬಾಯಿಂದ ಬರುವುದು ದುಆ ಆಗಿರಬೇಕೋ ಶಾಪವಾಗಿರಬೇಕೋ ಎಂಬುದನ್ನು ಫೋಟೋ ಹಾಕುವ ದಿನವೇ ನಾವು ನಿರ್ಧರಿಸಬೇಕಾಗುತ್ತದೆ.